ರೂಫಸನ ಕಪ್ಪು ಕುದುರೆ

ಟೀಲ್ ಕ್ರೀಕ್ ಊರಿನಲ್ಲಿ ರೂಫಸ್ ಬ್ಯಾಲ್ಕಮ್‌ನ ಹೆಬ್ಬೆರಳು ಹೋದ ಕಥೆ ಕೇಳದವರು ಯಾರಾದರೂ ಇದ್ದರೆ ಅವರು ಒಂದೋ ನಿನ್ನೆ ಹುಟ್ಟಿದ ಕೂಸಾಗಿರಬೇಕು, ಇಲ್ಲವೇ ಈಗಷ್ಟೇ ರೈಲಿಳಿದ ಪರಸ್ಥಳದವರಾಗಿರಬೇಕು. ಪರಸ್ಥಳದವನಾದರೂ ಕ್ಷೌರದಂಗಡಿಗೆ ಹೋಗಿ ಕೂತನೆಂದರೆ ಮುಗಿಯಿತು. ಗಲ್ಲಕ್ಕೆ ನೊರೆ ಹಚ್ಚಿಸಿಕೊಂಡವನು ಎದ್ದು ಓಡುವ ಹಾಗಿಲ್ಲ, ಬಾಯಿ ತೆರೆಯುವ ಹಾಗೂ ಇಲ್ಲ. ರೂಫಸ್ ಪಕ್ಕದ ಬೆಂಚಿನಲ್ಲಿ ಕೂತು ನಾಲ್ಕು ಬೆರಳಿನ ಬಲಗೈ ಎತ್ತಿ ತೋರಿಸಿ ಶುರುಮಾಡುತ್ತಿದ್ದ.

“ಒಂದು ಕರೀ ಕುದುರೆ ಇತ್ತು ನೋಡಿ. ಇದ್ದಲು ಅಂದ್ರೆ ಇದ್ದಲು. ಹೋರಿ ಕತ್ತಿಗೆ ಕುಣಿಕೆ ಬಿತ್ತು. ನಾನು ಹಗ್ಗದ ತುದೀನ ಜೀನಿನ ಮುಂದಿನ ಕೊಂಬಿಗೆ ಸುತ್ತೋದಕ್ಕೂ ಆ ದರಿದ್ರ ಪ್ರಾಣಿ ಮುಗ್ಗರಿಸೋದಕ್ಕೂ ಸರಿಹೋಯ್ತು. ಟಕ್ ಅಂತು. ಕೈಗವಸು ಕೆಳಗೆ ಬಿತ್ತು, ಬೆರಳು ಅದರೊಳಗೇ ಇತ್ತು.”

ಕುದುರೆ ಮುಗ್ಗರಿಸಿತು ಎಂಬ ಮಾತನ್ನು ಅವನು ಎರಡು ಸಲ ಹೇಳುತ್ತಿದ್ದ. ಹೇಳಲೇಬೇಕಿತ್ತು. ಏಕೆಂದರೆ ನಮ್ಮ ಕಡೆ ಮಕ್ಕಳಿಗೆ ಮೂಗು ಒರೆಸಿಕೊಳ್ಳಲು ಬರುವ ಮೊದಲೇ ಕಲಿಸುವ ಪಾಠವೊಂದಿದೆ: ಜೀನಿನ ಕೊಂಬಿಗೆ ಹಗ್ಗ ಸುತ್ತುವಾಗ ಎಡಕ್ಕೆ ಸುತ್ತು, ಹೆಬ್ಬೆರಳು ಆಕಾಶ ನೋಡಲಿ. ಬಲಕ್ಕೆ ಸುತ್ತಿದರೆ ಹೆಬ್ಬೆರಳು ನೆಲ ನೋಡುತ್ತದೆ, ಹೋರಿ ಎಳೆದ ಕೂಡಲೇ ಹಗ್ಗದಡಿ ಸಿಕ್ಕಿ ಹೋಗುತ್ತದೆ. ಹಾಗೆ ಬೆರಳು ಕಳಕೊಂಡವನನ್ನು ನಮ್ಮ ಜನ ಸವಾರ ಎನ್ನುವುದಿಲ್ಲ, ಮೂಟೆ ಎನ್ನುತ್ತಾರೆ. ಕುದುರೆ ಮುಗ್ಗರಿಸಿ ಕಳಕೊಂಡರೆ ಮಾತ್ರ ಅದು ಗಂಡಸಿನ ಗಾಯ.

ರೂಫಸ್ ಕಮ್ಮಾರನ ಮಗ. ಕುಲುಮೆಯ ಹಿಂದಿನ ಹಲಗೆ ಗೋಡೆಯೇ ಅವನ ಸ್ಲೇಟು, ಇದ್ದಲೇ ಬಳಪ. ಅವನಿಗೆ ಒಂಬತ್ತಾದಾಗ ಅಪ್ಪನ ಹೆಸರಿಗೆ ಅಂಚೆಯಲ್ಲಿ ಜೀನು ಮಾಡುವವರ ಕ್ಯಾಟಲಾಗೊಂದು ಬಂತು. ಒಳಗೆ ನೂರನಲವತ್ತು ಜೀನುಗಳ ಚಿತ್ರ, ಪ್ರತಿಯೊಂದು ಹೊಲಿಗೆಯೂ ಎಣಿಸುವ ಹಾಗೆ. ಹುಡುಗ ಆ ಪುಸ್ತಕವನ್ನು ದಿಂಬಿನಡಿ ಇಟ್ಟುಕೊಂಡು ಮಲಗಿದ. ಎರಡು ವರ್ಷದಲ್ಲಿ ಮಾಂಸದಂಗಡಿಯ ಕಾಗದದ ಮೇಲೆ ನೂರನಲವತ್ತನ್ನೂ ನಕಲು ಮಾಡಿದ. ಬೇರೆ ಗುರು ಅವನಿಗೆ ಇರಲಿಲ್ಲ. ಹದಿನಾರಕ್ಕೆ ಹಿರಾಮ್ ವೇಡ್‌ನ ರ‍್ಯಾಂಚಿಗೆ ದನ ಕಾಯುವ ಸವಾರನಾಗಿ ಸೇರಿಕೊಂಡ. ಚಳಿಗಾಲದಲ್ಲಿ ಹಿಮ ಬಾಗಿಲಿಗೆ ಒರಗಿದಾಗ ಉಳಿದವರು ಇಸ್ಪೀಟು ಆಡುತ್ತಿದ್ದರೆ ಇವನು ಹುರುಳಿ ಡಬ್ಬಿಯ ಚೀಟಿ ಕಿತ್ತು ಹಿಂಬದಿಯಲ್ಲಿ ಸವಾರ ಕಾಲಿಡುವ ರಿಕಾಬು ಬಿಡಿಸುತ್ತಿದ್ದ. ಇಪ್ಪತ್ತೇಳಕ್ಕೆ ಬೆರಳು ಹೋಯಿತು. ಮುಗ್ಗರಿಸುವ ಕುದುರೆಯನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದು ಹಿರಾಮ್ ಅದನ್ನು ಆ ವಾರವೇ ರೈಲಿನ ದಲ್ಲಾಳಿಗೆ ದಾಟಿಸಿಬಿಟ್ಟ. ದಲ್ಲಾಳಿಯ ಕುದುರೆಗಳು ಯಾವ ಕಸಾಯಿಖಾನೆಗೆ ಹೋಗುತ್ತಿದ್ದವು ಎಂಬುದು ಊರಿಗೆಲ್ಲ ಗೊತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹಗ್ಗ ಹಿಡಿಯಲಾಗದ ಕೈ ಕುಂಚ ಹಿಡಿಯಿತು. ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಸಿಗರೇಟಿನ ಹಾಗೆ ಸಿಕ್ಕಿಸಿಕೊಂಡು ರೂಫಸ್ ಅಂಗಡಿಗಳ ಬೋರ್ಡು ಬರೆದ, ಕುದುರೆ ಮೇವಿನ ದಾಣಿ ಅಂಗಡಿಯ ಕ್ಯಾಲೆಂಡರಿಗೆ ಚಿತ್ರ ಬಿಡಿಸಿದ, ಆಮೇಲೆ ಗಾಡಿಯ ಹಳೇ ಹೊದಿಕೆ ಬಟ್ಟೆ ಕತ್ತರಿಸಿ ದೊಡ್ಡ ಚಿತ್ರಗಳಿಗೆ ಕೈಹಾಕಿದ. ಬಕಲ್ಲು, ಪಟ್ಟಿ, ಗಂಟು, ಒಂದೂ ತಪ್ಪುತ್ತಿರಲಿಲ್ಲ. ಅದೇ ಅವನ ಹೆಮ್ಮೆ.

ನಮ್ಮ ದನಗಾರರ ಸಂಘದ ಭವನದಲ್ಲಿ ಬೆಂಕಿಗೂಡಿನ ಮೇಲೆ ದೊಡ್ಡ ಗೋಡೆಯೊಂದು ಬರಿದಾಗಿತ್ತು. ಅಲ್ಲಿ ತೂಗಬೇಕಾದರೆ ಚಿತ್ರ ಹಳೇ ಸವಾರರ ಕಣ್ಣಿಗೆ ಬಿದ್ದು ಪಾಸಾಗಬೇಕು. ಜೀನು, ಹಗ್ಗದ ಸಾಮಗ್ರಿಯಲ್ಲಿ ಒಂದು ತಪ್ಪು ಕಂಡರೆ ಸಾಕು, ಕಂಡವನು ಎದ್ದು ಹೋಗಿ ಚಿತ್ರದ ಮುಖವನ್ನು ಗೋಡೆಗೆ ತಿರುಗಿಸಿಬಿಡುತ್ತಾನೆ. ಆಮೇಲೆ ಮಾತಿಲ್ಲ. ಹೆಲೆನಾ ಪಟ್ಟಣದಿಂದ ಬಂದ ಓದಿದ ಪೇಂಟರುಗಳ ಚಿತ್ರಗಳು ಹೀಗೆ ಗೋಡೆ ನೋಡಿ ವಾಪಸ್ಸಾಗಿವೆ. ಅವುಗಳಲ್ಲಿ ಮುಕ್ಕಾಲು ಪಾಲು ತಿರುಗಿಸಿದವನು ರೂಫಸನೇ. ಆ ಗೋಡೆ ತನ್ನದು, ಇವತ್ತಲ್ಲ ನಾಳೆ ತನ್ನದೇ ಚಿತ್ರ ಅಲ್ಲಿ ಏರುತ್ತದೆ ಎಂದು ಅವನು ಇಪ್ಪತ್ತೈದು ವರ್ಷದಿಂದ ಜಾಗ ಕಾದುಕೊಂಡಿದ್ದ.

ನಡುವೆ ಬಂದಳು ನೋಡಿ ಇಂಗಾ.

ಇಂಗಾಳ ತಾಯಿ ಹಿರಾಮನ ರ‍್ಯಾಂಚಿನಲ್ಲಿ ಅಡುಗೆ ಗಾಡಿಯವಳು, ಸವಾರರು ಹೋದಲ್ಲೆಲ್ಲ ಒಲೆ ಹೂಡಿ ಹುರುಳಿ ಬೇಯಿಸುತ್ತಿದ್ದವಳು. ಮಗಳು ಬೆಳೆದು ಊರಿನ ಟೆಲಿಫೋನು ಕೇಂದ್ರದಲ್ಲಿ ಕೂತಳು. ಒಂದು ಕೈಯಲ್ಲಿ ತಂತಿ ಸಿಕ್ಕಿಸುವುದು, ಇನ್ನೊಂದು ಕೈಯಲ್ಲಿ ಚೀಟಿಯ ಮೇಲೆ ಕುದುರೆ ಬಿಡಿಸುವುದು. ಇಪ್ಪತ್ತು ತುಂಬಿದಾಗ ಆ ಚೀಟಿಗಳ ಕಟ್ಟು ತಂದು ರೂಫಸನ ಮುಂದಿಟ್ಟಳು.

“ನನಗೆ ಜೀನು, ಪಟ್ಟಿ ಬರಲ್ಲ ರೂಫಸ್. ಹೇಳಿಕೊಡ್ತೀರಾ?”

ರೂಫಸ್ ಚೀಟಿ ತಿರುವಿದ. ಜೀನು ನಿಜಕ್ಕೂ ಹಾಳು, ಹೊಟ್ಟೆಪಟ್ಟಿ ಹೊಟ್ಟೆಗೇ ಇರಲಿಲ್ಲ. ಆದರೆ ಕುದುರೆ? ಒಂದು ಚೀಟಿಯಲ್ಲಿ ಕುದುರೆ ಬರೀ ಕಿವಿ ತಿರುಗಿಸಿತ್ತು, ಅಷ್ಟೇ. ಹಿಂದೆ ಯಾರೋ ಬರುತ್ತಿದ್ದಾರೆ ಎಂದು ನೋಡುವವನಿಗೂ ಗೊತ್ತಾಗುತ್ತಿತ್ತು. ರೂಫಸ್ ಆ ಚೀಟಿಯನ್ನು ಕಟ್ಟಿನ ಅಡಿಗೆ ತಳ್ಳಿದ. ಆದರೂ ಕಲಿಸಿದ. ಗುರು ಎನಿಸಿಕೊಳ್ಳುವ ಆಸೆ ಯಾರಿಗಿಲ್ಲ? “ಹುಡುಗಿ, ಕುದುರೆ ಗಿದುರೆ ಹೇಗೂ ಬರುತ್ತೆ, ಮೊದಲು ಬಕಲ್ ಕಲಿ” ಎಂದು ಗದರಿಸಿ ಗದರಿಸಿ ಕಲಿಸಿದ. ಅವಳು ಬಕಲ್ಲನ್ನೂ ಕಲಿತಳು. ಅಲ್ಲಿಗೆ ಗುರುವಿನ ಕೈಯಲ್ಲಿ ಉಳಿದಿದ್ದೇನು? ಚಿಪ್ಪು!

ಆಮೇಲಿನ ಇಪ್ಪತ್ತು ವರ್ಷ ಅವನು ತಿಂದದ್ದು ಮೈಗೆ ಹತ್ತಲಿಲ್ಲ. ದಾಣಿ ಅಂಗಡಿಯವನು ಕ್ಯಾಲೆಂಡರಿಗೆ ಈ ವರ್ಷ ಇಂಗಾಳದ್ದು ಇರಲಿ ಎಂದ. ಚಿತ್ರ ಕೊಳ್ಳಲು ಬಿಲ್ಲಿಂಗ್ಸ್ ಪಟ್ಟಣದಿಂದ ಬಂದ ಒಬ್ಬ, ರೂಫಸನ ಆರು ಚಿತ್ರಗಳ ಮುಂದೆ ಟೋಪಿ ಕೈಯಲ್ಲಿ ಹಿಡಿದು ನಡೆದು ಹೋದ. ಏಳನೆಯದು ಅವಳದ್ದು, ಅದರ ಮುಂದೆ ನಿಂತೇ ನಿಂತ. ಎಲ್ಲಕ್ಕಿಂತ ಉರಿದದ್ದು ಕ್ಷೌರದಂಗಡಿಯಲ್ಲಿ. ಕನ್ನಡಿಯ ಮೇಲೆ ಹದಿನೇಳು ವರ್ಷದಿಂದ ತೂಗುತ್ತಿದ್ದ ಅವನ ಚಿತ್ರ ಒಂದು ಬೆಳಿಗ್ಗೆ ಕೋಟು ತೂಗುವ ಮೂಲೆಗೆ ಹೋಗಿತ್ತು. ಅದರ ಜಾಗದಲ್ಲಿ ಅವಳ ಮರಿಕುದುರೆ.

“ಗಿರಾಕಿಗಳು ಕೇಳ್ತಾರೆ ಮಾರಾಯ, ನಾನೇನ್ ಮಾಡ್ಲಿ?” ಎಂದ ಕ್ಷೌರಿಕ.

ಮನೆಗೆ ಬಂದು ಹೆಂಡತಿ ಡೆಸ್ಸಿಯ ಮುಂದೆ ಕೂಗಾಡಿದ. “ಜೀನಿನ ಮೇಲೆ ಒಂದು ದಿನ ಕೂತು ದುಡಿದವಳಲ್ಲ. ಟೆಲಿಫೋನು ಕಿವಿಗಿಟ್ಕೊಂಡು ಊರ ಚಾಡಿ ಕೇಳೋಳು. ಅವಳಿಗೇನು ಗೊತ್ತು ದನದ ಕೆಲಸ?”

ಡೆಸ್ಸಿ ಹಿಟ್ಟು ನಾದುತ್ತಿದ್ದಳು. “ಏನೋಪ್ಪ. ನಿನ್ನ ಕುದುರೆ ಮೇಲೆ ಜೀನು ಚೆನ್ನಾಗಿ ಕೂತಿರುತ್ತೆ. ಅವಳ ಕುದುರೆ ಉಸಿರಾಡುತ್ತೆ.”

“ನೀನೂ ಶುರುಮಾಡಿದ್ಯಾ?”

“ಕೇಳಿದ್ದಕ್ಕೆ ಹೇಳ್ದೆ.”

ಮೂರು ದಿನ ಅವನು ಅವಳ ಕೈಯ ರೊಟ್ಟಿಗೆ ಬೆಣ್ಣೆ ಕೇಳಲಿಲ್ಲ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಸಂಘಕ್ಕೆ ಐವತ್ತು ತುಂಬಿತು. ಅಧ್ಯಕ್ಷ ಹಿರಾಮ್ ವೇಡ್, ಆಗ ಎಂಬತ್ತರ ಮುದುಕ, ಈ ಸಲ ಗೋಡೆ ಬರಿದು ಬಿಡುವುದಿಲ್ಲ ಎಂದು ಸಾರಿದ. ಬಂದ ಚಿತ್ರಗಳನ್ನು ಭವನದಲ್ಲಿ ಸಾಲಾಗಿ ಇಡುವುದು, ಹಳಬರು ನೋಡುವುದು, ಕೊನೆಗೆ ಮುಖ ತಿರುಗದೆ ಉಳಿದ ಒಂದನ್ನು ಏರಿಸುವುದು. ರೂಫಸನಿಗೆ ಐವತ್ತೆಂಟು. ಇನ್ನೊಂದು ಅವಕಾಶಕ್ಕೆ ಕಾಯುವ ವಯಸ್ಸಲ್ಲ. ಅವನು ತನ್ನ ಕಥೆಯನ್ನೇ ಬಿಡಿಸಿದ: ಮುಂಗಾಲು ಮಡಚಿ ಬೀಳುತ್ತಿರುವ ಕಪ್ಪು ಕುದುರೆ, ಹಲ್ಲು ಕಚ್ಚಿದ ಸವಾರ, ಎಡಕ್ಕೆ ಸರಿಯಾಗಿ ಸುತ್ತಿದ ಹಗ್ಗ, ಆಕಾಶ ನೋಡುತ್ತಿರುವ ಹೆಬ್ಬೆರಳು. ನಾಲ್ಕು ತಿಂಗಳು ತೆಗೆದುಕೊಂಡ.

ಡೆಸ್ಸಿ ಕಾಫಿ ತಂದು ಚಿತ್ರದ ಮುಂದೆ ನಿಂತಳು. “ಅಲ್ಲ ರೂಫಸ್, ಮದುವೆಯಾದ ಹೊಸದರಲ್ಲಿ ನೀನು ಈ ಕಥೆ ಹೇಳುವಾಗ ಕುದುರೆ ಕೆಂಪು ಇತ್ತಲ್ವಾ?”

“ಕಪ್ಪು.”

“ಇರಬಹುದು. ನಾನೇನು ನೋಡಿದ್ನಾ?”

“ಕಪ್ಪು ಅಂದ್ನಲ್ಲ! ಹತ್ತಿದವನು ನಾನಾ ನೀನಾ?”

ಸುಳ್ಳು ಹೇಳುತ್ತಿದ್ದೇನೆ ಎಂದು ಅವನಿಗೆ ಅನಿಸಲೇ ಇಲ್ಲ. ಆ ಬೇಸಿಗೆ ಐದಾರು ಕುದುರೆ ಹತ್ತಿ ಇಳಿದಿದ್ದ. ಕಥೆಯಲ್ಲಿ ಕುದುರೆ ಕಪ್ಪಾದಷ್ಟೂ ಕೇಳುವವರ ಕಣ್ಣು ಅಗಲವಾಗುತ್ತಿತ್ತು, ಮೂವತ್ತು ವರ್ಷದಲ್ಲಿ ಅವನ ಕಣ್ಣಿಗೂ ಅದು ಕಪ್ಪೇ ಆಗಿಹೋಗಿತ್ತು.

ಭವನಕ್ಕೆ ಒಯ್ಯುವ ಎರಡು ದಿನ ಮೊದಲು ಇಂಗಾ ತನ್ನ ಚಿತ್ರವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದಳು. ಯಾವ ಚಿತ್ರವಾದರೂ ಮೊದಲು ಗುರುವಿನ ಕಣ್ಣಿಗೆ ತೋರಿಸುವುದು ಅವಳ ರೂಢಿ. ಆದರೆ ಆವತ್ತು ಕಂಬಳಿ ಬಿಚ್ಚಿದವಳು ಚಿತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದಳು.

“ನಿಧಾನವಾಗಿ ನೋಡಿ ರೂಫಸ್. ಬೇಡ ಅನಿಸಿದ್ರೆ ಬೇಡ ಅನ್ನಿ. ನಾನು ಇಡೋದಿಲ್ಲ.”

ಕೆಂಪು ಕುದುರೆ. ಸವಾರನ ಬೆನ್ನು ನಮ್ಮ ಕಡೆಗೆ, ಮುಖ ಕಾಣುವುದಿಲ್ಲ. ಎದುರಿಗೆ ಧೂಳಿನಲ್ಲಿ ಹೋರಿ, ಹಗ್ಗ ಇನ್ನೂ ಬಿಗಿದಿಲ್ಲ, ಇನ್ನೇನು ಬಿಗಿಯಬೇಕು. ಕುದುರೆ ನಾಲ್ಕು ಕಾಲನ್ನೂ ಊರಿ, ಹಿಂಭಾಗ ತಗ್ಗಿಸಿ, ಬರುವ ಭಾರಕ್ಕೆ ಮೈಯೊಡ್ಡಿ ನಿಂತಿದೆ. ಒಂದು ಕಿವಿ ಹೋರಿಯ ಕಡೆ, ಇನ್ನೊಂದು ಸವಾರನ ಕಡೆ. ಎಲ್ಲಿತ್ತು ಇವಳ ಕೈಯಲ್ಲಿ ಇದು? ಎಲ್ಲಿಂದ ಕದ್ದಳು? ರೂಫಸ್ ಕುದುರೆಯನ್ನು ನೋಡುವುದನ್ನೇ ಬಿಟ್ಟು ತಪ್ಪು ಹುಡುಕಲು ಕೂತ. ಕಡಿವಾಣ ಸರಿ. ಹೊಟ್ಟೆಪಟ್ಟಿ ಸರಿ. ರಿಕಾಬು ಸರಿ. ಅರ್ಧ ಗಂಟೆ ಹುಡುಕಿದ. ಆಮೇಲೆ ಸವಾರನ ಬಲಗೈ ಕಂಡಿತು.

ಹಗ್ಗ ಬಲಕ್ಕೆ ಸುತ್ತಿತ್ತು. ಹೆಬ್ಬೆರಳು ನೆಲ ನೋಡುತ್ತಿತ್ತು.

ಅಯ್ಯೋ ದೇವರೇ, ಎಂಥ ಸಂತೋಷ! ಹಾಲು ಕುಡಿದಷ್ಟು ಸಂತೋಷ. ಇಪ್ಪತ್ತು ವರ್ಷ ಕಲಿಸಿದ ಗುರು ಒಂದು ಮಾತು ಹೇಳಿದ್ದರೆ ಅವಳು ಸಂಜೆಯೊಳಗೆ ತಿದ್ದಿಕೊಂಡು ಬರುತ್ತಿದ್ದಳು. ರೂಫಸ್ ಕಂಬಳಿಯನ್ನು ಮತ್ತೆ ಚಿತ್ರದ ಮೇಲೆಳೆದ.

“ಎಲ್ಲ ಸರಿಯಾಗಿದೆ ಹುಡುಗಿ. ತಗೊಂಡು ಹೋಗಿ ಇಡು.”

ಇಂಗಾ ಅವನ ಮುಖವನ್ನೇ ನೋಡಿದಳು. “ನಿಜವಾಗ್ಲೂ? ಕೈ ನೋಡಿದ್ರಾ?”

“ನೋಡ್ದೆ. ಎಲ್ಲ ಸರಿಯಾಗಿದೆ ಅಂದ್ನಲ್ಲ.”

ಅವಳ ಕಣ್ಣು ತುಂಬಿಕೊಂಡಿತು. ನಾಲ್ಕು ಬೆರಳಿನ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಿ ಹೊರಟುಹೋದಳು. ಹೆಂಗಸರಿಗೆ ಅಳುವುದಕ್ಕೆ ನೆಪ ಬೇಕಾ ಎಂದುಕೊಂಡು ರೂಫಸ್ ಆವತ್ತು ರೊಟ್ಟಿಗೆ ಎರಡು ಸಲ ಬೆಣ್ಣೆ ಹಾಕಿಸಿಕೊಂಡ.

ಭವನದಲ್ಲಿ ಆ ಶನಿವಾರ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಹೆಂಗಸರು ಸೇಬಿನ ಪೈ ಕೊಯ್ಯುತ್ತಿದ್ದರು, ಇನ್ನೊಂದು ಕಡೆ ಒಂಬತ್ತು ಚಿತ್ರ ಸಾಲಾಗಿ ನಿಂತಿದ್ದವು. ಮಧ್ಯಾಹ್ನದೊಳಗೆ ಏಳು ಚಿತ್ರ ಗೋಡೆ ನೋಡಿದವು. ಉಳಿದವು ಎರಡು, ಅಕ್ಕಪಕ್ಕ: ರೂಫಸನ ಕಪ್ಪು ಕುದುರೆ, ಇಂಗಾಳ ಕೆಂಪು ಕುದುರೆ. ಹಳಬರು ಇಂಗಾಳ ಚಿತ್ರದ ಮುಂದೆ ಗುಂಪು ಕೂಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ರೂಫಸ್ ಕಾಫಿ ಲೋಟ ಹಿಡಿದು ಕಾದ. ಇವರೆಲ್ಲ ಹಗ್ಗ ಹಿಡಿದೇ ಮುದುಕರಾದವರು, ಅವರ ಕಣ್ಣು ತಪ್ಪಿಸುವ ಹಾಗಿಲ್ಲ. ಅವರು ಕೈ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೋಪಿ ತೆಗೆದು ತಲೆ ಕೆರೆದುಕೊಂಡರು. ಯಾರೂ ಮುಂದೆ ಹೋಗಲಿಲ್ಲ. ಯಾರೂ ತಿರುಗಿಸಲಿಲ್ಲ.

ಹಿರಾಮ್ ಕೋಲೂರಿ ಎದ್ದ. “ಇದನ್ನೇ ಏರಿಸೋಣ ಅಂತೀರಾ?”

ರೂಫಸನಿಗೆ ತಡೆಯಲಾಗಲಿಲ್ಲ. ಲೋಟ ಕುಕ್ಕಿ ಮುಂದೆ ನುಗ್ಗಿದ.

“ಇಷ್ಟು ಜನ ಇದ್ದೀರಿ, ಒಬ್ರಿಗೂ ಕಣ್ಣಿಲ್ವಾ? ಆ ಕೈ ನೋಡ್ರಯ್ಯಾ! ಹಗ್ಗ ಬಲಕ್ಕೆ ಸುತ್ತಿದ್ದಾನೆ. ಹೆಬ್ಬೆರಳು ನೆಲ ನೋಡ್ತಿದೆ. ಇನ್ನೊಂದು ಕ್ಷಣಕ್ಕೆ ಆ ಬೆರಳು ಇರಲ್ಲ. ಹೀಗೆ ಸುತ್ತೋನು ಯಾವ ಕತ್ತೆ?”

ಒಬ್ಬರೂ ನಗಲಿಲ್ಲ. ಪೈ ಕೊಯ್ಯುವ ಚಾಕುವೂ ನಿಂತಿತು. ಡೆಸ್ಸಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

“ರೂಫಸ್,” ಎಂದ ಹಿರಾಮ್, “ಆ ಸವಾರನ ಎಡ ಭುಜ ನೋಡು.”

“ಭುಜಕ್ಕೇನು?”

“ಇಳಿದಿದೆ. ಟೋಪಿ ಬಲಕ್ಕೆ ವಾಲಿದೆ. ಹಿಮ್ಮಡಿ ಹೊರಗೆ. ಈ ಸೀಮೆಯಲ್ಲಿ ಹಾಗೆ ಕೂರೋನು ಒಬ್ನೇ. ಅವನ ಬೆನ್ನು ಅವನಿಗೆ ಕಾಣಲ್ಲ, ಹನ್ನೊಂದು ವರ್ಷ ಅವನ ಬೆನ್ನ ಹಿಂದೆ ಸವಾರಿ ಮಾಡಿದ ನಮಗೆ ಗೊತ್ತು.”

ರೂಫಸ್ ಚಿತ್ರದ ಕಡೆ ತಿರುಗಿದ. ಅರ್ಧ ಗಂಟೆ ನೋಡಿದ್ದ ಚಿತ್ರ. ಅದರಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ ಎಂಬುದು ಅವನಿಗೆ ಆಗಷ್ಟೇ ಕಂಡಿತು. ಬೆನ್ನು ಅವನಿಗೆ ಗುರುತು ಸಿಗಲಿಲ್ಲ, ಕೈಗವಸು ಸಿಕ್ಕಿತು. ಮಣಿಕಟ್ಟಿನ ಹತ್ತಿರ ಹಳದಿ ದಾರದ ಹೊಲಿಗೆ. ಅವನ ತಾಯಿ ಹಾಕಿದ್ದ ಹೊಲಿಗೆ. ಆವತ್ತು ನೆಲಕ್ಕೆ ಬಿದ್ದದ್ದು ಅದೇ.

“ಕುದುರೆ ಮುಗ್ಗರಿಸ್ತು,” ಎಂದ.

“ಇಲ್ಲ ರೂಫಸ್,” ಇಂಗಾ ಗುಂಪಿನ ಹಿಂದಿನಿಂದ ಬಂದಳು. “ಅಮ್ಮನ ಅಡುಗೆ ಗಾಡಿ ಮೇಲೆ ನಿಂತು ನೋಡ್ತಿದ್ದೆ ನಾನು. ಹತ್ತು ವರ್ಷ ನನಗೆ. ಕೆಂಪು ಕುದುರೆ ಅದು, ಜಿಂಜರ್ ಅಂತ. ದಿನಾ ನನ್ನ ಕೈಯಿಂದ ರೊಟ್ಟಿ ಚೂರು ತಿಂತಿತ್ತು. ನಾಲ್ಕು ಕಾಲೂ ಊರಿ ನಿಂತಿತ್ತು, ಒಂದು ಇಂಚು ಜಾರಲಿಲ್ಲ. ನೀವು ಅವಸರದಲ್ಲಿ ಬಲಕ್ಕೆ ಸುತ್ತಿದ್ರಿ. ಅದು ಮುಗ್ಗರಿಸ್ತು ಅಂತ ಆಮೇಲೆ ನೀವು ಹೇಳಿದ್ರಿ, ಅದನ್ನ ರೈಲು ಹತ್ತಿಸಿದ್ರು. ನಾನು ಹಳಿ ಉದ್ದಕ್ಕೂ ಓಡಿದ್ದೆ.”

ಹಿರಾಮ್ ಮುದುಕ ಬೂಟು ನೋಡಿಕೊಳ್ಳುತ್ತಾ ನಿಂತಿದ್ದ. ಮಾರಿದವನು ಅವನೇ ತಾನೆ.

“ಮೂವತ್ತು ವರ್ಷ ಬಾಯಿ ಮುಚ್ಕೊಂಡಿದ್ದು, ಇವತ್ತು ಊರ ಮುಂದೆ ನನ್ನ ಮಾನ ಕಳೀಬೇಕಿತ್ತಾ?” ಎಂದ ರೂಫಸ್ ಇಂಗಾಳಿಗೆ.

“ಆಗ ಯಾರು ಕೇಳ್ತಿದ್ರು ಅಡುಗೆಯವಳ ಮಗಳ ಮಾತು? ಆಮೇಲೆ ನೀವು ವಿದ್ಯೆ ಕೊಟ್ರಿ, ಹೇಗೆ ಹೇಳ್ಲಿ? ನಾನು ಬಿಡಿಸೋ ಕುದುರೆಯೆಲ್ಲಾ ಅದೊಂದೇ ರೂಫಸ್. ಈ ಸಲ ಪೂರ್ತಿ ಬಿಡಿಸ್ದೆ. ಅದಕ್ಕೇ ಮೊದಲು ನಿಮ್ಮ ಹತ್ರ ತಂದೆ. ಬೇಡ ಅಂದಿದ್ರೆ ಅಲ್ಲೇ ನಿಮ್ಮ ಒಲೆಗೆ ಹಾಕ್ತಿದ್ದೆ. ನೀವು ಅಷ್ಟು ಹೊತ್ತು ನೋಡಿ ‘ಎಲ್ಲ ಸರಿಯಾಗಿದೆ’ ಅಂದ್ರಿ. ಕೈ ನೋಡಿದ್ರಾ ಅಂದ್ರೆ ನೋಡ್ದೆ ಅಂದ್ರಿ. ಒಪ್ಕೊಂಡ್ರಲ್ಲ, ಎಂಥ ದೊಡ್ಡ ಮನಸ್ಸು ಅಂದ್ಕೊಂಡೆ. ದಾರಿ ಉದ್ದಕ್ಕೂ ಅತ್ಕೊಂಡು ಹೋದೆ.”

ರೂಫಸ್ ಏನು ಹೇಳಬೇಕು? ಕಂಡೂ ಹೇಳದೆ ಬಿಟ್ಟದ್ದು ನಿನ್ನ ಚಿತ್ರದ ಮುಖ ಗೋಡೆಗೆ ತಿರುಗಲಿ ಅಂತಲೇ ಎನ್ನಬೇಕೇ? ಎಲ್ಲರ ಕಣ್ಣೂ ಅವನ ಮೇಲಿತ್ತು. ತಪ್ಪು ಕಂಡವನು ಅವನು, ಮುಂದೆ ಹೋದವನೂ ಅವನೇ. ಹೋದವನು ತಿರುಗಿಸದೆ ವಾಪಸ್ಸು ಬರುವ ರೂಢಿ ನಮ್ಮಲ್ಲಿಲ್ಲ. ಅವನು ಎರಡು ಚಿತ್ರಗಳ ಮಧ್ಯೆ ನಿಂತ. ಕೈ ಮೊದಲು ಇಂಗಾಳ ಚಿತ್ರದ ಚೌಕಟ್ಟಿಗೇ ಹೋಯಿತು, ಹೋಗಿದ್ದು ನಿಜ. ಕೆಂಪು ಕುದುರೆಯ ಒಂದು ಕಿವಿ ಅವನ ಕಡೆಗಿತ್ತು. ಅವನು ಕೈ ತೆಗೆದ. ಪಕ್ಕಕ್ಕೆ ಸರಿದು, ನಾಲ್ಕು ತಿಂಗಳ ತನ್ನ ಕಪ್ಪು ಕುದುರೆಯನ್ನು ಎರಡೂ ಕೈಯಲ್ಲಿ ಎತ್ತಿ, ಮುಖವನ್ನು ಗೋಡೆಗೆ ತಿರುಗಿಸಿ ಇಟ್ಟ.

ಹಿರಾಮ್ ರೂಢಿಯ ಪ್ರಕಾರ ಕೇಳಲೇಬೇಕಿತ್ತು, ಕೇಳಿದ. “ಅದರಲ್ಲೇನು ತಪ್ಪು ಕಂಡಿತು ರೂಫಸ್?”

“ಬಣ್ಣ,” ಎಂದ ರೂಫಸ್. “ಕಾಲೂ.”

ಆ ಚಳಿಗಾಲವಿಡೀ ಅವನು ಕ್ಷೌರದಂಗಡಿಯ ಕಡೆ ಸುಳಿಯಲಿಲ್ಲ. ಗಡ್ಡ ಎದೆಗೆ ಇಳಿಯಿತು. ಡೆಸ್ಸಿ ಒಂದೇ ಒಂದು ಸಲ, “ಕುಣಿಯಲಾರದವನಿಗೆ ನೆಲ ಡೊಂಕು” ಎಂದು ಹಿಟ್ಟಿಗೆ ಹೇಳುವ ಹಾಗೆ ಹೇಳಿದಳು. ಅವನು ಜಗಳಕ್ಕೆ ಹೋಗಲಿಲ್ಲ. ಹಿಮ ಕರಗಿದ ಮೇಲೆ ಬೆಂಚಿಗೆ ಮರಳಿದ, ಕಥೆಯೂ ಮರಳಿತು. ಈಗ ಅದರಲ್ಲಿ ಕುದುರೆ ಕೆಂಪು, ಬಂಡೆಯ ಹಾಗೆ ನಿಲ್ಲುತ್ತದೆ, ಕತ್ತೆ ಸವಾರ ಹಗ್ಗವನ್ನು ಬಲಕ್ಕೆ ಸುತ್ತುತ್ತಾನೆ. ಕೇಳಿದವರು ಮೊದಲಿಗಿಂತ ಜೋರಾಗಿ ನಗುತ್ತಾರೆ. “ಸುಳ್ಳು ಅನ್ಸಿದ್ರೆ ಭವನಕ್ಕೆ ಹೋಗಿ ನೋಡಿ, ಬೆಂಕಿಗೂಡಿನ ಮೇಲೆ ಇರೋನು ನಾನೇ” ಎಂದು ಎದೆ ಉಬ್ಬಿಸಿ ಹೇಳುತ್ತಾನೆ.

ಅದನ್ನು ಬಿಡಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಮಾತ್ರ ಅವನಿಗೆ ಕೆಮ್ಮು ಬರುತ್ತದೆ, ಕ್ಷೌರಿಕನೇ ಹೆಸರು ಹೇಳಬೇಕಾಗುತ್ತದೆ.